ಗೆರೆ ಹೊಂದಿದ ಮೇಲೆ ಕೇಳಿದ ಪ್ರಶ್ನೆ

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿಗೆ ಇಂಧನವನ್ನು ಉರಿಸದೆ ನೇರವಾಗಿ ವಿದ್ಯುತ್ತು ಪಡೆಯುವ ಘನ ಆಕ್ಸೈಡ್ ಇಂಧನ ಕೋಶವನ್ನು ಆರಿಸಿಕೊಂಡಾಗ, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರ ಇಷ್ಟು ಸಮೀಪದಲ್ಲಿರುವಾಗ ಕಣ್ಣಿಗೆ ಕಾಣದ ಯಂತ್ರವೇಕೆ ಎಂದು ಕೇಳಿದವರಿದ್ದರು. ನಮ್ಮ ಮಾರ್ಗದರ್ಶಕರು ಪಾಠವನ್ನು ಆ ಸ್ಥಾವರದಿಂದಲೇ ಆರಂಭಿಸಿದರು. ಅಲ್ಲಿ ಕಲ್ಲಿದ್ದಲು ಉರಿದು, ನೀರು ಹಬೆಯಾಗಿ, ಹಬೆ ಟರ್ಬೈನನ್ನು ತಿರುಗಿಸಿದ ಮೇಲಷ್ಟೇ ವಿದ್ಯುತ್ತು. ಇಂಧನ ಕೋಶದಲ್ಲಾದರೋ 600ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿಯ ಆಮ್ಲಜನಕವು ಅಯಾನಾಗಿ (ವಿದ್ಯುದಾವೇಶವುಳ್ಳ ಕಣವಾಗಿ), ಇಟ್ರಿಯಾ ಬೆರೆಸಿದ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ತೆಳುವಾದ ಪದರವನ್ನು ದಾಟಿ ಜಲಜನಕವನ್ನು ಸೇರುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿಯುತ್ತವೆ.

ಕೋಶವನ್ನು ಕಾಯಿಸುವ ಕುಲುಮೆ ನಮ್ಮಲ್ಲಿರಲಿಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಗಣಿತ ಮಾದರಿಯನ್ನು ಕಟ್ಟಿದೆವು. ಶೇ. 3ರಷ್ಟು ತೇವವಿರುವ ಜಲಜನಕ ಒಂದು ಕಡೆ, ಗಾಳಿ ಇನ್ನೊಂದು ಕಡೆ ಇದ್ದರೆ 800 ಡಿಗ್ರಿಯಲ್ಲಿ ನರ್ನ್‌ಸ್ಟ್ ಸಮೀಕರಣ, ಅಂದರೆ ಕರೆಂಟು ಎಳೆಯದಿರುವಾಗ ಸಿಗಬೇಕಾದ ವೋಲ್ಟೇಜಿನ ಲೆಕ್ಕ, ಸುಮಾರು 1.10 ವೋಲ್ಟ್ ಕೊಡುತ್ತದೆ. ಕರೆಂಟು ಎಳೆದಂತೆ ಇದರಿಂದ ಮೂರು ನಷ್ಟಗಳನ್ನು ಕಳೆಯಬೇಕು: ಎಲೆಕ್ಟ್ರೋಡಿನ ಮೇಲೆ ರಾಸಾಯನಿಕ ಕ್ರಿಯೆ ನಡೆಯಲು ತಗಲುವುದು, ಪದರಗಳ ರೋಧದಿಂದಾಗುವುದು, ರಂಧ್ರಗಳ ಮೂಲಕ ಅನಿಲ ಬಂದು ಸೇರುವುದು ಸಾಲದೆ ಬರುವುದು. ಕರೆಂಟು ಹೆಚ್ಚಿದಂತೆ ವೋಲ್ಟೇಜು ಇಳಿಯುವುದನ್ನು ತೋರಿಸುವ ನಮ್ಮ ಗೆರೆ, ಪ್ರಕಟಿತ ಪ್ರಯೋಗವೊಂದರ ಗೆರೆಯೊಂದಿಗೆ ಹೊಂದಿದ ದಿನ ಗುರುಗಳು ಸಂತೋಷಪಟ್ಟರು. ಆಮೇಲೆ, ಒಂದು ನಷ್ಟವನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸಿದರೂ ಇದೇ ಗೆರೆ ಬರುವುದಿಲ್ಲವೇ ಎಂದು ಕೇಳಿದರು. ನಾಲ್ಕು ವರ್ಷಗಳಲ್ಲಿ ನಾನು ಕೇಳಿಸಿಕೊಂಡ ಅತ್ಯುತ್ತಮ ಪ್ರಶ್ನೆ ಅದೇ ಎಂದು ಇಂದಿಗೂ ನಂಬಿದ್ದೇನೆ.

ಮುಂದೆ ಸಂಶೋಧನಾಲಯದಲ್ಲಿ ನಿಜವಾದ ಕೋಶಗಳನ್ನು ಪರೀಕ್ಷಿಸುವಾಗ ಆ ಪ್ರಶ್ನೆಯೇ ಕೆಲಸದ ಕ್ರಮವನ್ನು ನಿರ್ಧರಿಸಿತು. ಪಿಂಗಾಣಿಯಂಥ ಪದರ ಬಿರುಕು ಬಿಡದಂತೆ ಕುಲುಮೆಯನ್ನು ನಿಧಾನವಾಗಿ ಏರಿಸಬೇಕು. ಆನೋಡಿನ, ಅಂದರೆ ಜಲಜನಕದ ಕಡೆಯ ಎಲೆಕ್ಟ್ರೋಡಿನ, ನಿಕಲ್ ಆಕ್ಸೈಡನ್ನು ಜಲಜನಕದಲ್ಲಿ ನಿಕಲ್ ಆಗಿಸಬೇಕು. ಕರೆಂಟು ಎಳೆಯುವ ಮೊದಲೇ ವೋಲ್ಟೇಜನ್ನು ಅಳೆಯುತ್ತೇವೆ. ಲೆಕ್ಕಕ್ಕಿಂತ ಅದು ಗಣನೀಯವಾಗಿ ಕಡಿಮೆಯಿದ್ದರೆ ಮೊದಲ ಸಂದೇಹ ಗಾಜಿನ ಸೀಲಿನ ಸೋರಿಕೆಯ ಮೇಲೆ. ಅನಂತರ, ಆವರ್ತನ ಬದಲಿಸುತ್ತ ಪರ್ಯಾಯ ಕರೆಂಟಿಗೆ ಕೋಶ ಒಡ್ಡುವ ತಡೆಯನ್ನು ಅಳೆಯುವ ಇಂಪೀಡೆನ್ಸ್ ಪರೀಕ್ಷೆ: ಅತಿ ಹೆಚ್ಚಿನ ಆವರ್ತನದಲ್ಲಿ ವಕ್ರರೇಖೆ ಅಕ್ಷವನ್ನು ಮುಟ್ಟುವ ಬಿಂದು ಪದರಗಳ ರೋಧವನ್ನು ನೇರವಾಗಿ ಕೊಡುತ್ತದೆ. ಅಳೆದ ಆ ಬೆಲೆಯನ್ನು ಮಾದರಿಗೆ ಕೊಟ್ಟರೆ ನಮ್ಮಿಷ್ಟದಂತೆ ಹೊಂದಿಸಿಕೊಳ್ಳುವ ಸಂಖ್ಯೆಗಳು ಕಡಿಮೆಯಾಗುತ್ತವೆ.

ಕಾಲೇಜಿನಲ್ಲಿ ಈಗ ಇದೇ ವಿಷಯದ ಮೇಲೆ ಕೆಲಸ ಮಾಡುವವರು ಕನಿಷ್ಠ ಎರಡು ತಾಪಮಾನಗಳ ಫಲಿತಾಂಶವಿರುವ ಪ್ರಯೋಗವನ್ನೇ ಆರಿಸಿಕೊಳ್ಳಲಿ ಎಂದು ಕೋರುತ್ತೇನೆ. ತಾಪ ಇಳಿದಂತೆ ಜಿರ್ಕೋನಿಯಾದ ವಾಹಕತೆ ಘಾತೀಯವಾಗಿ ಕುಸಿಯುವುದರಿಂದ, 800 ಡಿಗ್ರಿಗೆ ಹೊಂದಿಸಿದ ಮಾದರಿ 750 ಡಿಗ್ರಿಯ ಗೆರೆಯನ್ನು ಯಾವ ತಿದ್ದುಪಡಿಯೂ ಇಲ್ಲದೆ ಮುನ್ನುಡಿಯುತ್ತದೆಯೇ ಎಂದು ಕುಲುಮೆಯಿಲ್ಲದೆಯೂ ನೋಡಬಹುದು.