ಬಾಣಂತಿಗೆ ಮೂತ್ರ ಸೋರುತ್ತಿದ್ದರೆ

ಮಗುವಿನ ತಲೆ ಸೊಂಟದ ಮೂಳೆಯಲ್ಲಿ ಸಿಕ್ಕಿಕೊಂಡು ಹೆರಿಗೆ ದಿನಗಟ್ಟಲೆ ಎಳೆದರೆ, ಮೂತ್ರಕೋಶಕ್ಕೂ ಯೋನಿಗೂ ನಡುವಿನ ಗೋಡೆ ರಕ್ತ ಸಿಗದೆ ಸಾಯುತ್ತದೆ. ಸತ್ತ ಭಾಗ ಸಾಮಾನ್ಯವಾಗಿ 3ರಿಂದ 10 ದಿನಗಳಲ್ಲಿ ಕಳಚಿ ರಂಧ್ರವಾಗುತ್ತದೆ. ಆಮೇಲೆ ಹಗಲು ರಾತ್ರಿ ಸೋರಿಕೆ. ಇದೇ ಫಿಸ್ಟುಲಾ. ಗರ್ಭಕೋಶ ತೆಗೆಯುವಾಗ ಆದ ಗಾಯದಿಂದಲೂ ಬರುತ್ತದೆ.

"ಹೆರಿಗೆಯಾದ ಮೇಲೆ ಹಾಗೇ, ಸರಿಹೋಗುತ್ತೆ" ಎಂದು ದಯವಿಟ್ಟು ಕಾಯಬೇಡಿ. ಹೊಸ, ಚಿಕ್ಕ ರಂಧ್ರವಾದರೆ ಕೆಲವರಿಗೆ ಆಪರೇಷನ್ ಇಲ್ಲದೆಯೇ ಮುಚ್ಚುತ್ತದೆ. ಅದಕ್ಕೆ ಆಸ್ಪತ್ರೆಯಲ್ಲಿ ಬೇಗ ಕ್ಯಾತಿಟರ್ (ಮೂತ್ರಕೋಶದಿಂದ ಮೂತ್ರ ಹೊರತೆಗೆಯುವ ನಳಿಕೆ) ಹಾಕಿಸಿ, 4–6 ವಾರ ಮೂತ್ರಕೋಶವನ್ನು ಖಾಲಿ ಇಡಬೇಕು. ಮೂತ್ರ ಬಂದು ಸೇರುವ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ನಳಿಕೆಯನ್ನು ತೊಡೆಗೆ ಟೇಪಿನಿಂದ ಅಂಟಿಸಿ, ಮಡಚಿಕೊಳ್ಳದಂತೆ ನೋಡಿ. ಅದು ಕಟ್ಟಿಕೊಂಡರೆ ಮೂತ್ರಕೋಶ ಉಬ್ಬಿ, ಕೂಡಿಕೊಳ್ಳುತ್ತಿರುವ ಅಂಚು ಮತ್ತೆ ಬಿಡುತ್ತದೆ. ಚೀಲಕ್ಕೆ ಮೂತ್ರ ಬರುವುದು ನಿಂತರೆ ರಾತ್ರಿಯಾದರೂ ಸರಿ, ನರ್ಸ್‌ಗೆ ತೋರಿಸಿ.

ನಮ್ಮ ಕಡೆ ಬಾಣಂತಿಗೆ ನೀರು ಅಳೆದು ಕೊಡುತ್ತಾರಲ್ಲ, ಇಲ್ಲಿ ಅದು ದೊಡ್ಡ ತಪ್ಪು. ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ದಿನಕ್ಕೆ 4 ಲೀಟರ್ ಬೇಕು. ನೀರು ಕಡಿಮೆಯಾದಷ್ಟೂ ಮೂತ್ರ ಗಟ್ಟಿಯಾಗಿ ನಾರುತ್ತದೆ, ತೊಡೆಯ ಚರ್ಮ ಸುಡುತ್ತದೆ. ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ.

ಮುಚ್ಚದಿದ್ದರೆ ಆಪರೇಷನ್. ಸರಳ ರಂಧ್ರವಾದರೆ ಅದಾದ ಮೇಲೆ 7–10 ದಿನ ಕ್ಯಾತಿಟರ್, 3 ತಿಂಗಳು ಗಂಡನಿಂದ ದೂರ. ಇದನ್ನು ಗಂಡನಿಗೂ ಅತ್ತೆಗೂ ಕೂರಿಸಿ ಹೇಳಬೇಕು. ಮುಂದಿನ ಹೆರಿಗೆ ಸಿಸೇರಿಯನ್ನೇ ಆಗಲಿ.