ಕೂಸಿನ ಎಚ್‌ಐವಿ ಟೆಸ್ಟಿಗೆ ರ‍್ಯಾಪಿಡ್ ಕಿಟ್ ಸಾಲದು

ಎಚ್‌ಐವಿ ಇರುವ ತಾಯಿಗೆ ಹೆರಿಗೆಯಾದರೆ ಮನೆಯವರು ಮೊದಲು ಕೇಳುವುದು ಒಂದೇ: ಮಗುವಿಗೂ ಬಂದಿದೆಯಾ? ನಾವು ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಷ್ಟೇ ಹೇಳಿ ಕಳಿಸಿದರೂ ಕೆಲವರಿಗೆ ತಡೆಯೋಕಾಗಲ್ಲ, ಹೊರಗೆ ಯಾವುದೋ ಲ್ಯಾಬಿನಲ್ಲಿ ಕೂಸಿನ ರಕ್ತ ಕೊಟ್ಟು, ಪಾಸಿಟಿವ್ ಅಂತ ಬರೆದ ಚೀಟಿ ಹಿಡಿದು ಅಳುತ್ತಾ ಬರುತ್ತಾರೆ. ಅಲ್ಲಿ ಮಾಡೋ ರ‍್ಯಾಪಿಡ್ ಟೆಸ್ಟ್ ಸಾಮಾನ್ಯವಾಗಿ ಪಾಸಿಟಿವ್ ಬಂದೇ ಬರುತ್ತೆ. ಅದು ಹುಡುಕೋದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು (ಆಂಟಿಬಾಡಿ). ತಾಯಿಯ ಪ್ರತಿಕಾಯ ಹೊಟ್ಟೆಯಲ್ಲಿದ್ದಾಗಲೇ ಮಗುವಿಗೆ ಹೋಗಿರುತ್ತೆ, ಪೂರ್ತಿ ಕರಗೋಕೆ 18 ತಿಂಗಳವರೆಗೂ ಹಿಡಿಯಬಹುದು.

ಹಾಗಂತ 18 ತಿಂಗಳು ಕಾಯುತ್ತಾ ಕೂರೋಕಾಗುತ್ತಾ? ಸೋಂಕು ತಗುಲಿದ ಮಕ್ಕಳಿಗೆ ಔಷಧಿ ಸಿಗದಿದ್ದರೆ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಯಿಲೆ ಕಾಣಿಸಿಕೊಳ್ಳಲಿ ಅಂತ ಕಾಯದೆ ಮೊದಲ ವಾರಗಳಲ್ಲೇ ಔಷಧಿ ಕೊಟ್ಟಾಗ ಸಾವು 76% ಕಡಿಮೆಯಾಯಿತು. ಅದಕ್ಕೇ ಆರನೇ ವಾರಕ್ಕೆ ಬನ್ನಿ ಅಂತ ಅಷ್ಟು ಒತ್ತಿ ಹೇಳೋದು.

ಆಗ ಮಾಡೋದು ಪಿಸಿಆರ್. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತಲ್ಲ, ಅದೇ ವಿಧಾನ, ಆದರೆ ಇಲ್ಲಿ ಮೂಗಿಗೆ ಕಡ್ಡಿ ಇಲ್ಲ. ಎಚ್‌ಐವಿ ನಮ್ಮ ಬಿಳಿ ರಕ್ತಕಣದೊಳಗೆ ಹೊಕ್ಕು ತನ್ನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು ನಮ್ಮ ಜೀನ್‌ಗಳ ನಡುವೆಯೇ ಸೇರಿಕೊಂಡು ಬಿಡುತ್ತೆ. ಮೆಷಿನ್ ಅದರ ಒಂದು ತುಣುಕನ್ನು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅಂತ ಹೆಚ್ಚಿಸುತ್ತಾ ಹೋಗುತ್ತೆ. ಲೆಕ್ಕ ಹಾಕಿದರೆ 30 ಸುತ್ತಿಗೆ 100 ಕೋಟಿ ದಾಟುತ್ತೆ! ತುಣುಕೇ ಇಲ್ಲದಿದ್ದರೆ ಹೆಚ್ಚೋದಕ್ಕೆ ಏನೂ ಇರಲ್ಲ. ತಾಯಿಯ ಪ್ರತಿಕಾಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಸ್ಯಾಂಪಲ್ ತೆಗೆಯೋದು ಹಿಮ್ಮಡಿಯಿಂದ. ಕಾಲನ್ನು ಸ್ವಲ್ಪ ಬೆಚ್ಚಗೆ ಮಾಡಿ, ಸ್ಪಿರಿಟ್ ಒರೆಸಿ ಆರಿದ ಮೇಲೆ ಹಿಮ್ಮಡಿಯ ಪಕ್ಕಕ್ಕೆ ಚುಚ್ಚುತ್ತೇವೆ, ಮೊದಲ ಹನಿ ಒರೆಸಿ ಹಾಕಿ, ಆಮೇಲಿನ ಹನಿಗಳನ್ನು ದಪ್ಪ ಫಿಲ್ಟರ್ ಕಾರ್ಡಿನ ವೃತ್ತಗಳಿಗೆ ಬೀಳಿಸುತ್ತೇವೆ. ಹಿಂಡಬಾರದು. ಕಾರ್ಡಿನ ಹಿಂಬದಿಗೂ ರಕ್ತ ಇಳಿದಿರಬೇಕು. ಬಿಸಿಲು ತಾಗದ ಕಡೆ ಮಲಗಿಸಿ ಕಡಿಮೆ ಅಂದರೂ ನಾಲ್ಕು ಗಂಟೆ ಒಣಗಿಸಬೇಕು, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ ಹೊತ್ತು. ಆಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿಗೆ. ಐಸ್ ಬೇಡ, ಕೋಲ್ಡ್ ಬಾಕ್ಸ್ ಬೇಡ, ಕೊರಿಯರ್‌ನಲ್ಲೇ ಕಳಿಸಬಹುದು. ಇಡೀ ವ್ಯವಸ್ಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆ ಆಗೋದು ಆ ಮೆಷಿನ್ ಅಲ್ಲ, ಈ ಕಾರ್ಡು.

ಪಾಸಿಟಿವ್ ಬಂದರೆ ಔಷಧಿ ಶುರು ಮಾಡಿ, ಖಚಿತಪಡಿಸಿಕೊಳ್ಳಲು ಇನ್ನೊಂದು ಸ್ಯಾಂಪಲ್ ತೆಗೆಯಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನೆಗೆಟಿವ್ ಬಂದರೆ? ಇಲ್ಲೇ ಜನ ಕೈಬಿಡೋದು. "ಇಲ್ಲ ಅಂತ ಬಂತಲ್ಲ ಮೇಡಂ, ಮತ್ಯಾಕೆ ಚುಚ್ಚೋದು" ಅಂತ ಅಜ್ಜಿಯರು ಜಗಳಕ್ಕೇ ನಿಲ್ಲುತ್ತಾರೆ. ಮಗು ಎದೆಹಾಲು ಕುಡಿಯುತ್ತಿದೆ ಅಂದರೆ ಸೋಂಕು ತಗುಲುವ ಸಾಧ್ಯತೆ ಇನ್ನೂ ಇದೆ ಅಂತಲೇ ಅರ್ಥ. ತಾಯಿ ಮಾತ್ರೆ ತಪ್ಪಿಸದಿದ್ದರೆ ಅದು ತೀರಾ ಕಡಿಮೆ, ಆದರೂ ಆರು ತಿಂಗಳಿಗೆ, ವರ್ಷಕ್ಕೆ, ಹದಿನೆಂಟು ತಿಂಗಳಿಗೆ ಮತ್ತೆ ಬರಲೇಬೇಕು.

ದೊಡ್ಡವರ ವಿಷಯ ಬೇರೆ. ಅವರಿಗೆ ಸಾಮಾನ್ಯವಾಗಿ ಮೂರು ರ‍್ಯಾಪಿಡ್ ಟೆಸ್ಟ್‌ಗಳಲ್ಲೇ ನಿರ್ಧಾರ ಆಗುತ್ತೆ. ರಾತ್ರಿ ಏನೋ ಆಗಿ ಬೆಳಿಗ್ಗೆಯೇ ಪಿಸಿಆರ್ ಮಾಡಿ ಅಂತ ಬರುವ ಹುಡುಗರಿದ್ದಾರೆ, ಸುಮ್ನೆ ದುಡ್ಡು ದಂಡ, ಅದಕ್ಕೂ ಸಿಗಬೇಕಂದ್ರೆ ಸುಮಾರು ಹತ್ತು ದಿನವಾದರೂ ಬೇಕು. ಅವರಿಗೆ ಆಗ ಬೇಕಾಗಿರೋದು ಟೆಸ್ಟಲ್ಲ, 72 ಗಂಟೆಯೊಳಗೆ ಶುರು ಮಾಡಬೇಕಾದ ಪೆಪ್ ಮಾತ್ರೆ (ಸೋಂಕು ನೆಲೆಯೂರದಂತೆ ತಡೆಯೋ ಔಷಧಿ), ಅದಕ್ಕೆ ನೇರ ವೈದ್ಯರ ಹತ್ತಿರ ಹೋಗಬೇಕು. ಇನ್ನು ಮಾತ್ರೆ ತಗೊಳ್ಳುತ್ತಿರುವವರ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಲೆಕ್ಕ) ರಿಪೋರ್ಟಿನಲ್ಲಿ 'ಪತ್ತೆಯಾಗಿಲ್ಲ' ಅಂತ ಬಂದರೆ ಔಷಧಿ ಕೆಲಸ ಮಾಡುತ್ತಿದೆ ಅಂತಷ್ಟೇ ಅರ್ಥ. ವಾಸಿಯಾಯಿತು ಅಂತ ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದೇ ವೈರಸ್ ಮತ್ತೆ ಏಳುತ್ತೆ. ಏನಾದರೂ ಅನುಮಾನ ಇದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ.