ನಲಿ-ಕಲಿ ಕೊಠಡಿಗೆ ಟ್ಯಾಬ್ ಬಂದ ದಿನ

ಶಿರಾ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಶಿಕ್ಷಕಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ಯಾವುದೆಂದು ತಾವೇ ನೋಡಿಕೊಂಡು, ಅದಕ್ಕೆ ತಕ್ಕ ಕಾರ್ಡು ತೆಗೆದುಕೊಂಡು ಕಲಿಯುವ ಈ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಯಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಇಂಥ ಕೊಠಡಿಗೆ ಕಂಪನಿಯೊಂದರ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಿಂದ ಹತ್ತು ಟ್ಯಾಬ್‌ಗಳು ಬಂದ ದಿನ ನಡೆದದ್ದನ್ನು ಬರೆಯಬೇಕೆನಿಸಿದ್ದು, ಚಿಕ್ಕ ಮಕ್ಕಳ ಕೈಗೆ ಟ್ಯಾಬ್ ಕೊಡಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ತರಗತಿಯ ಒಳಗಿನ ಸಂಗತಿಗಳು ಅಷ್ಟಾಗಿ ಕೇಳಿಬರುವುದಿಲ್ಲ ಎಂಬ ಕಾರಣಕ್ಕೆ.

ಊರಿನವರ ಉತ್ಸಾಹಕ್ಕೆ ಹಿನ್ನೆಲೆಯೊಂದಿತ್ತು. 2020ರ ಜೂನ್‌ನಲ್ಲಿ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠ ಕೂಡದೆಂದು ರಾಜ್ಯ ಸರ್ಕಾರ ಆದೇಶಿಸಿತ್ತು, ಜುಲೈ 8ರಂದು ಹೈಕೋರ್ಟ್ ಅದಕ್ಕೆ ತಡೆ ನೀಡಿತ್ತು. ಆ ವಾದವಿವಾದ ನಮ್ಮ ಊರನ್ನು ಮುಟ್ಟಲೇ ಇಲ್ಲ. ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೂ ಅದು ಬೆಳಿಗ್ಗೆಯೇ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೊರಟುಹೋಗುತ್ತಿತ್ತು. ಆಗಸ್ಟ್‌ನಲ್ಲಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಯೋಜನೆ ಆರಂಭವಾದಾಗ ನಾವು ಗುಡಿಯ ಜಗುಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದೆವು. ಪೇಟೆಯ ಮಕ್ಕಳು ಪರದೆಯ ಮುಂದೆ ಏನನ್ನೋ ಕಲಿತು ಮುಂದೆ ಹೋದರು, ನಮ್ಮವರು ಹಿಂದುಳಿದರು ಎಂಬ ಭಾವನೆ ತಂದೆತಾಯಂದಿರಲ್ಲಿ ಆಗಲೇ ಬೇರೂರಿತ್ತು. ಹಾಗಾಗಿ ಟ್ಯಾಬ್ ಹಂಚುವ ದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಭಾಷಣ ಮುಗಿದು ಮಕ್ಕಳ ಕೈಗೆ ಟ್ಯಾಬ್ ಬಂದ ಕೂಡಲೇ ಕೊಠಡಿ ಸದ್ದಿಲ್ಲದಂತಾಯಿತು. ಕಂಪನಿಯ ಕಡೆಯಿಂದ ಬಂದಿದ್ದ ಯುವಕರು, "ನೋಡಿ ಮೇಡಂ, ಎಷ್ಟು ಗಮನವಿಟ್ಟು ಕೂತಿದ್ದಾರೆ" ಎಂದು ಸಂತೋಷಪಟ್ಟರು. ನನಗೋ ಆ ಮೌನವೇ ಅನುಮಾನ ಹುಟ್ಟಿಸಿತು. ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಎನ್ನುತ್ತೇವೆ, ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆ ಎಂಬುದೇ ಬೇರೆ ಇದೆ. ಅಲ್ಲಿ ಕುಳಿತವರು "ಅದು ಗ ಅಲ್ಲ ಕಣೋ, ಸ" ಎಂದು ಜಗಳವಾಡಿದರೆ ಮಾತ್ರ ಕಲಿಕೆ ಸಾಗುತ್ತಿದೆ ಎಂದು ನಾನು ತಿಳಿಯುತ್ತೇನೆ. ಅಂದು ಆ ತಟ್ಟೆಯ ಮಕ್ಕಳು ಪರಸ್ಪರ ಬೆನ್ನು ತಿರುಗಿಸಿ ಕುಳಿತಿದ್ದರು.

ಟ್ಯಾಬ್‌ನಲ್ಲಿದ್ದ ಪಾಠ ಅ, ಆ, ಇ, ಈ ಎಂದು ವರ್ಣಮಾಲೆಯ ಕ್ರಮದಲ್ಲಿ ಸಾಗುತ್ತಿತ್ತು. ನಮ್ಮ ಏಣಿ ಹಾಗಿಲ್ಲ. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಗೊತ್ತಾದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದತೊಡಗುತ್ತದೆ. ಓದು ಬಂತೆಂಬ ಹುಮ್ಮಸ್ಸು ಮೊದಲ ವಾರಗಳಲ್ಲಿಯೇ ಸಿಗುತ್ತದೆ. ಅ ಎಂಬಲ್ಲಿಂದ ಹೊರಟು ಋ ದಾಟಿ ಅಃ ಮುಟ್ಟುವವರೆಗೆ ಓದಲು ಒಂದು ಪದವೂ ಸರಿಯಾಗಿ ದಕ್ಕದ ಹಳೆಯ ದಾರಿಗೆ ಹೊಸ ಯಂತ್ರ ನಮ್ಮನ್ನು ಮರಳಿ ಕರೆದೊಯ್ದಿತ್ತು. ಆ ಪಾಠವನ್ನು ಸಿದ್ಧಪಡಿಸಿದವರು ಒಂದನೆಯ ತರಗತಿಯಲ್ಲಿ ಒಂದು ಬೆಳಗನ್ನಾದರೂ ಕಳೆದಿದ್ದರೇ ಎಂಬ ಪ್ರಶ್ನೆ ಬಾಯಿಯ ತನಕ ಬಂದಿತ್ತು, ಅತಿಥಿಗಳೆಂದು ಕೇಳಲಿಲ್ಲ.

ಬರೆಯುವ ಅಭ್ಯಾಸದಲ್ಲಿ ತೊಂದರೆ ಇನ್ನೂ ಸ್ಪಷ್ಟವಾಗಿತ್ತು. ಚುಕ್ಕೆಗಳ ಮೇಲೆ ಬೆರಳಾಡಿಸಿದರೆ ಅಕ್ಷರಕ್ಕೆ ಬಣ್ಣ ತುಂಬಿ ಮೂರು ನಕ್ಷತ್ರ ಬೀಳುತ್ತಿದ್ದವು. ಎಲ್ಲಿಂದ ಆರಂಭಿಸಿದರೂ, ತಲೆಕಟ್ಟನ್ನು ಮೊದಲೇ ಎಳೆದರೂ, ನಡುವೆ ಕೈ ಎತ್ತಿದರೂ ಸರಿಯೇ. ಒಂದನೆಯ ತರಗತಿಯ ಹುಡುಗನೊಬ್ಬ "ಮಿಸ್, ನಂಗೆ ಎಲ್ಲಾ ಸ್ಟಾರೂ ಬಂದೈತೆ" ಎಂದು ಓಡಿಬಂದ. ಗೋಡೆಯ ಕೆಳಭಾಗದಲ್ಲಿ ಅವನಿಗಾಗಿಯೇ ಇರುವ ಕಪ್ಪುಹಲಗೆಯ ಮೇಲೆ ಅದೇ ಅಕ್ಷರ ಬರೆಯಲು ಹೇಳಿದಾಗ ಸೀಮೆಸುಣ್ಣ ಎತ್ತ ತಿರುಗಬೇಕೆಂದು ತಿಳಿಯದೆ ನನ್ನ ಮುಖ ನೋಡಿದ. ಪಕ್ಕದ ಹುಡುಗಿ ಚಿತ್ರಕ್ಕೆ ಪದ ಹೊಂದಿಸುವ ಆಟದಲ್ಲಿ ನಾಲ್ಕು ಉತ್ತರಗಳನ್ನೂ ಒಂದಾದ ಮೇಲೊಂದರಂತೆ ಒತ್ತುತ್ತ ಮುಂದೆ ಹೋಗುವ ಉಪಾಯ ಕಂಡುಕೊಂಡಿದ್ದಳು. ಅವಳ ಜಾಣತನಕ್ಕೆ ಮೆಚ್ಚುಗೆ ಸಲ್ಲಬೇಕು, ಆದರೆ ಅದು ಓದಿನ ಜಾಣತನವಲ್ಲ. ಮಗು ಸ್ಲೇಟಿನ ಮೇಲೆ ತಪ್ಪು ಬರೆದರೆ ಆ ತಪ್ಪು ನನಗೆ ಕಾಣುವಂತೆ ಅಲ್ಲಿಯೇ ಉಳಿದಿರುತ್ತದೆ, ಅದನ್ನು ನೋಡಿ ನಾಳೆಯ ಪಾಠ ಯೋಚಿಸುತ್ತೇನೆ. ಟ್ಯಾಬ್ ಆ ತಪ್ಪನ್ನು ಅಳಿಸಿ ನಕ್ಷತ್ರವನ್ನಷ್ಟೇ ನನಗೆ ತೋರಿಸಿತು.

ಇಷ್ಟಾದರೂ ಅದನ್ನು ಬೀರುವಿಗೆ ಸೇರಿಸಿಬಿಡಬೇಕೆಂದು ನನಗೆ ಅನ್ನಿಸಲಿಲ್ಲ. ನಮ್ಮ ಕಡೆಯ ಮಕ್ಕಳ ಮಾತಿನಲ್ಲಿ ಹಕಾರ ನಿಲ್ಲುವುದು ಕಷ್ಟ. ಅಕ್ಕಿಯೂ ಹಕ್ಕಿಯೂ ಒಂದೇ ಆಗಿಬಿಡುತ್ತವೆ, ಬರೆಯುವಾಗ ಅದೇ ಗೊಂದಲ ಮುಂದುವರಿಯುತ್ತದೆ. ಮಧ್ಯಾಹ್ನ ಬಿಸಿಯೂಟದ ನಂತರ ಒಂದು ಟ್ಯಾಬ್ ತೆಗೆದುಕೊಂಡು ಮೂರನೆಯ ತರಗತಿಯವರ ಓದನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸಿದೆ. ತಮ್ಮ ದನಿಯನ್ನು ಕೇಳಿ ಮೊದಲು ನಕ್ಕರು. ಆಮೇಲೆ ಒಬ್ಬಳು "ಮಿಸ್, ನಾನು ಅಕ್ಕಿ ಹಾರಿತು ಅಂದಿದೀನಿ" ಎಂದು ತಾನೇ ಹಿಡಿದಳು. ನಾನು ಎಷ್ಟೋ ಸಲ ತಿದ್ದಿದರೂ ಆಗದ ಕೆಲಸವದು. ಕಣ್ಣು ಮಂದವಿರುವ ಇನ್ನೊಂದು ಮಗು ಚಿತ್ರವನ್ನು ದೊಡ್ಡದು ಮಾಡಿಕೊಂಡು ನೋಡಿದ್ದೂ ಅಂದೇ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಫಾರಿನ್‌ನಲ್ಲಿ ಎಲ್ಲಾ ಶಾಲೆಯಲ್ಲೂ ಇದೇ ಇದೆಯಂತಲ್ಲ ಮೇಡಂ ಎಂದು ಸದಸ್ಯರೊಬ್ಬರು ಕೇಳಿದರು. ತರಗತಿಗಳಲ್ಲಿ ಡಿಜಿಟಲ್ ಸಾಧನಗಳನ್ನು ಮೊದಲೇ ತುಂಬಿಕೊಂಡಿದ್ದ ಸ್ವೀಡನ್ 2023ರಲ್ಲಿ ಮುದ್ರಿತ ಪುಸ್ತಕಗಳಿಗೆ ಮತ್ತೆ ಹಣ ಒದಗಿಸಿದ್ದನ್ನೂ, ತಂತ್ರಜ್ಞಾನವು ಶಿಕ್ಷಕರೊಂದಿಗಿನ ಮುಖಾಮುಖಿ ಕಲಿಕೆಯ ಜಾಗವನ್ನು ಆಕ್ರಮಿಸಬಾರದೆಂದು ಅದೇ ವರ್ಷದ ಯುನೆಸ್ಕೋ ವರದಿ ಎಚ್ಚರಿಸಿದ್ದನ್ನೂ ತಿಳಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಕೊನೆಗೆ ಎಂಟು ಟ್ಯಾಬ್‌ಗಳನ್ನು ನಾಲ್ಕು ಮತ್ತು ಐದನೆಯ ತರಗತಿಗೆ ಕೊಟ್ಟು, ಎರಡನ್ನು ಮಾತ್ರ ನನ್ನ ಕೊಠಡಿಯಲ್ಲಿ, ಮಕ್ಕಳ ಕೈಯಲ್ಲಲ್ಲದೆ ನನ್ನ ಸುಪರ್ದಿಯಲ್ಲಿ ಇರಿಸುವುದೆಂದು ತೀರ್ಮಾನವಾಯಿತು.

ಆದರೆ ಆ ಬೇಸಿಗೆಯಲ್ಲಿ ದಾಖಲಾತಿಯ ಕರಪತ್ರ ಸಿದ್ಧವಾದಾಗ ಮುಖ್ಯ ಶಿಕ್ಷಕರು ಅದರ ಮೇಲೆ ಒಂದನೆಯ ತರಗತಿಯ ಮಕ್ಕಳು ಟ್ಯಾಬ್ ಹಿಡಿದ ಫೋಟೋವನ್ನೇ ಹಾಕಿಸಿದರು. ಖಾಸಗಿ ಶಾಲೆಯ ವ್ಯಾನು ದಿನವೂ ನಮ್ಮ ಗೇಟಿನ ಮುಂದೆಯೇ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಹೋಗುವಾಗ ನಾನು ಅದನ್ನು ಬೇಡವೆನ್ನಲಿಲ್ಲ. ಕಲಿಕಾ ಏಣಿಯ ಫೋಟೋ ಒಂದನ್ನು ಹಿಂಬದಿಯಲ್ಲಾದರೂ ಹಾಕಿ ಎಂದು ಕೇಳಿಕೊಂಡೆ.